ಒಂದೇ ಪಾತ್ರೆ, ಕಡೆಯ ಬೆಂಚು

ದೇವರಿಗೆ ಹತ್ತಿರವಾಗಬೇಕೆಂಬ ಆಸೆ ನಮ್ಮ ಸಭೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಪಕ್ಕದವರಿಗೆ ಹತ್ತಿರವಾಗದೆ ಆ ಕೆಲಸ ಮುಗಿಸಿಕೊಳ್ಳುವುದು ಹೇಗೆ ಎಂಬುದೊಂದೇ ಎಲ್ಲರ ಚಿಂತೆ. ವಾರವಿಡೀ ಮುಂಬಯಿಯ ಲೋಕಲ್ ರೈಲಿನಲ್ಲಿ ಗುರುತಿಲ್ಲದವರ ಬಗಲಿಗೆ ಮೂಗು ಕೊಟ್ಟು ನಿಂತು ಬರುವ ಜನ ಇವರು. ಭಾನುವಾರ ಬೆಂಚಿನ ಮೇಲೆ ಕುಳಿತ ಕೂಡಲೇ ಇಬ್ಬರ ನಡುವೆ ಒಂದು ಸಂಗೀತ ಪುಸ್ತಕ ಇಡುವಷ್ಟು ಜಾಗ ಬಿಡುತ್ತಿದ್ದರು.

ಐವತ್ತರ ದಶಕದ ಮಾತು ಇದು. ನಾವು ಧಾರವಾಡದ ಕಡೆಯವರು, ಕುರ್ಲಾದ ಒಂದು ಚಾಳಿನಲ್ಲಿ ಇದ್ದೆವು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ನಾನು ಫೋರ್ಟಿನ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಇಡೀ ದಿನ ಊರಿನವರ ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸುವ ಕೆಲಸ ನನ್ನದು. ಅದಕ್ಕೇ ಇರಬೇಕು, ಯಾರು ಬಾಯಲ್ಲಿ ಏನು ಹೇಳಿ ಮನಸ್ಸಿನಲ್ಲಿ ಏನು ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಬೇಗ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳುವ ಕೆಟ್ಟ ಚಾಳಿಯೂ ಇತ್ತು. ಈ ವಯಸ್ಸಿನಲ್ಲಿ ಅದು ಹೋಗುವ ಹಾಗಿಲ್ಲ, ಬಿಡಿ.

ನಮ್ಮದು ಕನ್ನಡದ ಪ್ರೊಟೆಸ್ಟೆಂಟ್ ಸಭೆ. ಸ್ವಂತ ಚರ್ಚಿಲ್ಲ, ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಶಾಲೆಯ ಹಾಲ್ ಸಿಕ್ಕಿತ್ತು. ಬೆಳಿಗ್ಗೆ ಅಲ್ಲಿ ಮರಾಠಿಯವರ ಆರಾಧನೆ, ಸಂಜೆ ಇಂಗ್ಲಿಷಿನವರದು. ಉಂಡು ಕಣ್ಣು ಎಳೆಯುವ ಮಧ್ಯಾಹ್ನದ ಹೊತ್ತು ಕನ್ನಡಕ್ಕೆ. ಅರ್ಧ ಜನ ಮಂಗಳೂರು-ಉಡುಪಿಯ ಕಡೆಯವರು, ಅರ್ಧ ಧಾರವಾಡ-ಗದಗ-ಬೆಳಗಾವಿಯ ಕಡೆಯವರು. ನಂಬಿಕೆ ಒಂದೇ, ಸಂಗೀತ ಪುಸ್ತಕವೂ ಒಂದೇ, ಆದರೆ ಹಾಡುವ ಗತಿ ಬೇರೆ. ಮಂಗಳೂರಿನವರು ಚರಣ ಮುಗಿಸಿ ಪುಸ್ತಕ ಮುಚ್ಚುವಾಗ ನಮ್ಮವರು ಇನ್ನೂ ಮೂರನೆಯ ಸಾಲನ್ನು ಎಳೆಯುತ್ತಿದ್ದರು. ಪಾದ್ರಿಗಳು, ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು, ಎರಡೂ ಕಡೆಗೆ ತಲೆಯಾಡಿಸಿ ತಲೆಯಾಡಿಸಿ ಕುತ್ತಿಗೆ ನೋವು ಬರಿಸಿಕೊಂಡಿದ್ದ ಸಾಧು ಮನುಷ್ಯ.

ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ಆ ದಿನ ಮಾತ್ರ ಹಾಲ್ ತುಂಬುತ್ತಿತ್ತು. ಗೋವಾದವರ ಬೇಕರಿಯ ಪಾವನ್ನು ಸಣ್ಣಗೆ ತುಂಡು ಮಾಡಿದರೆ ರೊಟ್ಟಿ ಆಯಿತು. ದ್ರಾಕ್ಷಾರಸದ್ದೇ ಪೇಚು. ಆಗ ಮುಂಬಯಿಯಲ್ಲಿ ದಾರೂಬಂದಿ. ಹೆಂಡದ ವಾಸನೆ ಬಂದರೆ ಪೊಲೀಸರು ಹಿಡಿಯುವ ಕಾಲ. ಚರ್ಚುಗಳಿಗೆ ಪರವಾನಗಿ ಕೊಡುತ್ತಾರೆ ಎಂದು ಕೇಳಿದ್ದೆವು, ಆದರೆ ಸರಕಾರಿ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ನಮ್ಮ ಹಿರಿಯರಲ್ಲಿ ಯಾರಿಗಿತ್ತು? ಹಾಗಾಗಿ ಒಣದ್ರಾಕ್ಷಿ ಕುದಿಸಿ ಹಿಂಡಿ ಸೋಸಿದ ರಸವೇ ನಮಗೆ ದ್ರಾಕ್ಷಾರಸ. ಅದನ್ನು ಮಾಡುತ್ತಿದ್ದವಳು ನನ್ನ ಅವ್ವ. ಹಿಂದಿನ ರಾತ್ರಿ ನೆನೆಹಾಕಿ, ಆ ದಿನವೇ ಕುದಿಸಿ, ಬಾಟಲಿಗೆ ತುಂಬಿ, ಮಗುವನ್ನು ಹಿಡಿದ ಹಾಗೆ ಎದೆಗೆ ಒತ್ತಿಕೊಂಡು ಲೋಕಲ್ಲಿನಲ್ಲಿ ತರುತ್ತಿದ್ದಳು. ದಾದರಿನಲ್ಲಿ ಗಾಡಿ ಬದಲಿಸುವಾಗ ನಾನು ಅವಳ ಮುಂದೆ ಮೊಣಕೈ ಬೀಸುತ್ತಾ ದಾರಿ ಮಾಡುತ್ತಿದ್ದೆ.

ಪಾತ್ರೆ ಒಂದೇ. ಬೆಳ್ಳಿಯ ನೀರು ಕೊಟ್ಟದ್ದು. ಯಾವಳೋ ಮಿಶನರಿ ದೊರೆಸಾನಿ ತನ್ನ ಊರಿಗೆ ಹೊರಡುವಾಗ ಬಿಟ್ಟುಹೋದದ್ದು. ಮೊದಲು ಗಂಡಸರು, ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ. ಆಮೇಲೆ ಹೆಂಗಸರು, ಅದೇ ಕ್ರಮ. ಮೇಜಿನ ಮುಂದೆ ಸಾಲಾಗಿ ನಿಂತರೆ ಅಯ್ಯನವರು ಪಾತ್ರೆಯನ್ನು ಒಬ್ಬೊಬ್ಬರ ಬಾಯಿಗೂ ಹಿಡಿದು, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ ಮುಂದಿನವರಿಗೆ ಕೊಡುತ್ತಿದ್ದರು. ತಡಮಾಡಿ ಬಂದ ಗಂಡಸಿಗೆ ಹೆಂಗಸರೆಲ್ಲ ಮುಗಿದ ಮೇಲೆ, ಎಲ್ಲರಿಗಿಂತ ಕಡೆಗೆ ಸಿಗುತ್ತಿತ್ತು. ಆ ಅವಮಾನಕ್ಕೆ ಹೆದರಿ ನಮ್ಮ ಗಂಡಸರು ಮೊದಲ ಭಾನುವಾರ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಮುಂದಿನ ಬೆಂಚಿಗಂತೂ ಪೈಪೋಟಿ. ಚಿಕ್ಕವಳಿದ್ದಾಗ ಅದನ್ನು ಭಕ್ತಿ ಎಂದುಕೊಂಡಿದ್ದೆ. ಇನ್ನೊಬ್ಬರ ತುಟಿ ತಾಗುವ ಮೊದಲೇ ತಮ್ಮದನ್ನು ತಾಗಿಸುವ ಆತುರ ಅದು ಎಂದು ತಿಳಿಯುವಷ್ಟು ದೊಡ್ಡವಳಾಗಲು ತುಸು ಸಮಯ ಹಿಡಿಯಿತು.

ಅವ್ವನಿಗೆ ಕ್ಷಯ ಬಂತು. ಒಂದು ವರ್ಷಕ್ಕೂ ಮೇಲೆ ಸ್ಯಾನಿಟೋರಿಯಮ್ಮಿನಲ್ಲಿ ಇದ್ದಳು. ಹೊಸ ಇಂಜೆಕ್ಷನ್ ಬಂದಿದ್ದ ಕಾಲ, ಅವಳು ಬದುಕಿದಳು. ಕಫದಲ್ಲಿ ಈಗ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಎಲ್ಲರ ಹಾಗೆ ಇರಬಹುದು ಎಂದು ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದರು. ಆದರೆ ಎಲ್ಲರ ಹಾಗೆ ಇರುವುದು ಅವ್ವನಿಗೆ ಮರೆತುಹೋಗಿತ್ತು. ಅಲ್ಲಿ ಅವಳ ತಟ್ಟೆ ಬೇರೆ, ಚಮಚ ಬೇರೆ, ಗಾಳಿಯೂ ಬೇರೆ. ಮನೆಗೆ ಬಂದವಳೇ ತನ್ನ ಹಿತ್ತಾಳೆಯ ಲೋಟಕ್ಕೆ ದಾರ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ನಮ್ಮ ಲೋಟಗಳ ಸಾಲಿಗೆ ಅದನ್ನು ಸೇರಿಸಲಿಲ್ಲ.

"ಡಾಕ್ಟರ ಬಿಟ್ಟಾರ, ನೀ ಯಾಕ ಬಿಡವಲ್ಲಿ?" ಎಂದು ಅಪ್ಪ ಕೇಳಿದರು.

"ಸಭಾದಾಗ ಒಮ್ಮೆ ಎಲ್ಲಾರ ಜೋಡಿ ಕುಡದ ಬರ್ತೀನ್ರಿ," ಎಂದಳು ಅವ್ವ. "ಅಲ್ಲಿ ಆ ಪಾತ್ರಿ ನನ್ನ ಬಾಯಿಗಿ ಹತ್ತಿದ ಮ್ಯಾಲೆ ಈ ಲೋಟ ತೆಗೀತೀನಿ."

ಮನೆಯಲ್ಲಿ ಎಷ್ಟು ಹೇಳಿದರೂ ಅವಳಿಗೆ ಸಾಲದು. ಗಂಡ, ಮಗಳು ಹೇಗೂ ತನ್ನವರು. ಹೊರಗಿನವರ ಜೊತೆ ಒಂದು ಗುಟುಕು ಕುಡಿದ ದಿನ ತಾನು ಗುಣವಾದ ಹಾಗೆ ಎಂದು ಅವಳ ಲೆಕ್ಕ. ಡಾಕ್ಟರ ಮಾತಿಗಿಂತ ಆ ಮೇಜಿನ ಮಾತೇ ಅವಳಿಗೆ ದೊಡ್ಡದು.

ಗುಣವಾದ ಮೇಲೆ ಅವಳು ಸಭೆಗೆ ಮೊದಲ ಸಲ ಬಂದದ್ದು ಭೋಜನವಿಲ್ಲದ ಭಾನುವಾರ, ಆ ದಿನ ಎಲ್ಲರೂ ದೇವರಿಗೆ ಸ್ತೋತ್ರ ಸಲ್ಲಿಸಿದರು. ಬಹಳ ದೂರದಿಂದ ಸಲ್ಲಿಸಿದರು. ಹಿಂದೆಲ್ಲ ಕೈ ಹಿಡಿದು ಕುಲುಕುತ್ತಿದ್ದವರು ಆ ದಿನ ಭಾರತೀಯ ಸಂಸ್ಕೃತಿಯನ್ನು ನೆನಪಿಸಿಕೊಂಡು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅವ್ವ ಕುಳಿತ ಬೆಂಚಿನಲ್ಲಿದ್ದ ಇಬ್ಬರಿಗೆ ಇದ್ದಕ್ಕಿದ್ದಂತೆ ಫ್ಯಾನಿನ ಗಾಳಿ ಬೇಕೆನಿಸಿತು. ಇನ್ನೊಬ್ಬರಿಗೆ ಅದೇ ಫ್ಯಾನಿನ ಗಾಳಿ ಬೇಡವೆನಿಸಿತು. ಕಡೆಯ ಬೆಂಚಿನಲ್ಲಿ ನಾನು ಮತ್ತು ಅವ್ವ ಇಬ್ಬರೇ ಉಳಿದೆವು.

ಆರಾಧನೆ ಮುಗಿದ ಮೇಲೆ ಚಹದ ಹೊತ್ತಿಗೆ ನಮ್ಮ ಸಭೆಯ ದೊಡ್ಡ ಹಿರಿಯರು ಎದ್ದು ನಿಂತರು. ಇವರು ಉಡುಪಿಯ ಕಡೆಯವರು, ಯಾವುದೋ ಕಂಪನಿಯಲ್ಲಿ ಹೆಡ್ ಕ್ಲಾರ್ಕ್, ಸಾಂತಾಕ್ರೂಜಿನ ಹೊಸ ಸೊಸೈಟಿಯಲ್ಲಿ ಮನೆ. ಮುಂಬಯಿಯ ಸೆಕೆಗೂ ಹೆದರದೆ ಕೋಟು, ಟೈ. ಅವರು ಪ್ರಾರ್ಥನೆಗೆ ನಿಂತರೆ ನಾನು ಬೆರಳುಗಳ ನೆಟಿಕೆಯನ್ನೆಲ್ಲ ಒಂದೊಂದಾಗಿ ಮುರಿದು ಮತ್ತೆ ಮೊದಲಿಂದ ಶುರುಮಾಡಬಹುದಾಗಿತ್ತು.

"ನಾನು ಯಾರನ್ನೂ ನೋಡಿ ಹೇಳುದಲ್ಲ," ಎಂದು ಅವ್ವನನ್ನು ನೋಡಿ ಹೇಳಿದರು. "ಆದ್ರೆ ಕಾಲ ಬದಲಾಗಿದೆ ಅಲ್ವಾ? ಒಂದೇ ಪಾತ್ರೆಯಲ್ಲಿ ಇಷ್ಟು ಜನ ಬಾಯಿ ಇಡುದು ಆರೋಗ್ಯಕ್ಕೆ ಒಳ್ಳೆದಲ್ಲ ಮಾರಾಯ್ರೆ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಗ್ಲಾಸು ಮಾಡುವ. ಗ್ಲಾಸು ನಾನು ತರ್ತೇನೆ. ದ್ರಾಕ್ಷಾರಸ ಹೇಗೂ ನಮ್ಮ ಮನೆಯವಳು ಮಾಡ್ತಾಳೆ."

ಅವ್ವ ಇಲ್ಲದಾಗ ರಸದ ಕೆಲಸ ಅವರ ಹೆಂಡತಿಗೆ ಹೋಗಿತ್ತು. ಅವ್ವ ಬಂದ ಮೇಲೂ ತಿರುಗಿ ಬರಲಿಲ್ಲ. "ನೀವು ವಿಶ್ರಾಂತಿ ತಕ್ಕೊಳ್ಳಿ," ಎಂದು ಆಕೆ ಅವ್ವನಿಗೆ ಬಾಗಿಲ ಬಳಿಯಿಂದಲೇ ಹೇಳಿದ್ದರು. ಎರಡು ಕಡೆಯವರು ಯಾವ ವಿಷಯಕ್ಕೂ ಒಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ದಿನ ಮಂಗಳೂರು, ಧಾರವಾಡ, ಬೆಳಗಾವಿ ಎಲ್ಲ ಒಂದೇ ದನಿಯಲ್ಲಿ ಹೌದು ಹೌದು ಎಂದವು. ಸಭೆಯ ಐಕ್ಯಕ್ಕಾಗಿ ಅಯ್ಯನವರು ವರ್ಷಗಟ್ಟಲೆ ಪ್ರಾರ್ಥಿಸಿದ್ದರು; ಅಂತೂ ಫಲ ಸಿಕ್ಕಿತು.

ನಡುವೆ ಯಾರೋ ಇನ್ನೂ ಒಂದು ಸಲಹೆ ಕೊಟ್ಟರು. ಗ್ಲಾಸು ಬರುವವರೆಗೆ ಅಯ್ಯನವರು ಅವ್ವನ ಪಾಲನ್ನು ಮನೆಗೇ ತಂದು ಕೊಡಬಹುದು, ಬೇನೆ ಬಿದ್ದವರಿಗೆ ಹಾಗೆ ಕೊಡುವ ಪದ್ಧತಿ ಇದೆ ಎಂದು. ಅಯ್ಯನವರು ಅವ್ವನ ಹತ್ತಿರ ಬಂದು, ಕೈ ಹಿಸುಕಿಕೊಳ್ಳುತ್ತಾ ಅದನ್ನೇ ಕೇಳಿದರು.

"ಅಯ್ನೋರ, ನಾ ಬಿದ್ದಾಕಿ ಅಲ್ರೀ," ಎಂದಳು ಅವ್ವ, "ಎದ್ದಾಕಿ."

ನನಗೆ ಎದ್ದು ಕುಣಿಯಬೇಕೆನಿಸಿತು, ಆದರೆ ಮನೆಗೆ ಬರುವ ಲೋಕಲ್ಲಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. "ಬ್ಯಾರೆ ಬ್ಯಾರೆ ಗ್ಲಾಸ ಆದ್ರ ನನಗೇನ ಬಂತವಾ?" ಎಂದಳು. "ಬ್ಯಾರೆ ಲೋಟ ಮನ್ಯಾಗೂ ಐತಿ."

ಮುಂದಿನ ತಿಂಗಳ ಮೊದಲ ಭಾನುವಾರ ಬಂತು. ಹಿರಿಯರು ಹಳೆಯ ಸಾಮಾನಿನ ಚೋರ್ ಬಜಾರಿನಲ್ಲಿ ಗ್ಲಾಸು ಹುಡುಕಿ ತಂದಿದ್ದಾರೆ ಎಂದು ಸುದ್ದಿ ಮೊದಲೇ ಹಬ್ಬಿತ್ತು. ದಾರೂಬಂದಿ ಬಂದ ಮೇಲೆ ದೊಡ್ಡವರ ಮನೆಗಳಲ್ಲಿ ಕೆಲಸ ಕಳೆದುಕೊಂಡ ವಿಸ್ಕಿಯ ಪುಟ್ಟ ಗ್ಲಾಸುಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ನಮ್ಮ ಹಿರಿಯರು ಹುಟ್ಟಿನಿಂದ ಸೋಡಾ ಬಿಟ್ಟು ಬೇರೇನೂ ಕಂಡವರಲ್ಲ. ಅಳತೆ ಸರಿಯಾಗಿದೆ, ಚಿನ್ನದ ಗೆರೆ ಇದೆ, ಮೇಲೆ ಓಡುವ ಕುದುರೆಯ ಚಿತ್ರವೂ ಇದೆ ಎಂದು ಖುಷಿಯಿಂದ ಒಂದು ಪೆಟ್ಟಿಗೆ ತುಂಬ ತಂದಿದ್ದರು. ಕುದುರೆ ರೇಸಿನದೆಂದು ಅವರಿಗೆ ಹೊಳೆಯಲೇ ಇಲ್ಲ.

ನಾವು ಹಾಲ್ ಸೇರಿದಾಗ ಎಲ್ಲರೂ ಬಂದಿದ್ದರು, ಹಿರಿಯರ ಕುರ್ಚಿ ಖಾಲಿ. ಅಯ್ಯನವರು ಗಡಿಯಾರ ನೋಡುತ್ತಾ ಓಡಾಡುತ್ತಿದ್ದರು. ಅಷ್ಟರಲ್ಲಿ ಹಿರಿಯರ ಹೆಂಡತಿ ಏದುಸಿರು ಬಿಡುತ್ತಾ ಒಳಗೆ ಬಂದು, "ಅಯ್ಯೋ, ಇವರನ್ನು ಪೊಲೀಸರು ಹಿಡ್ಕೊಂಡು ಹೋದ್ರು!" ಎಂದು ಕುಸಿದು ಕುಳಿತರು.

ನೀರು ಕುಡಿಸಿ ಕೇಳಿದ ಮೇಲೆ ಕತೆ ಹೊರಬಂತು. ಈ ಸಲ ದ್ರಾಕ್ಷಾರಸ ರುಚಿಯಾಗಿರಲಿ ಎಂದು ಆಕೆ ಒಣದ್ರಾಕ್ಷಿಯನ್ನು ಜಜ್ಜಿ, ಸಕ್ಕರೆ ಹಾಕಿ, ಉಪ್ಪಿನಕಾಯಿಯ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಟೆರೇಸಿನ ಬಿಸಿಲಲ್ಲಿ ಇಟ್ಟಿದ್ದರು. ಊರಿನಲ್ಲಿ ಲಿಂಬೆಕಾಯಿಗೆ ಮಾಡುವ ಹಾಗೆಯೇ. ದಿನಾ ಒಂದು ಸಲ ಕೈಯಾಡಿಸಿದರಂತೆ. ನೊರೆ ಬಂದದ್ದನ್ನು ನೋಡಿ, ಹದ ಬಂತು ಎಂದುಕೊಂಡರಂತೆ. ಬಂದಿತ್ತು, ಚೆನ್ನಾಗಿಯೇ ಬಂದಿತ್ತು. ಅದನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಬಿರಡೆ ಹಾಕಿ, ಸಾಂತಾಕ್ರೂಜಿನಿಂದ ಗ್ರಾಂಟ್ ರೋಡಿನವರೆಗೆ ಗಂಡ ಲೋಕಲ್ಲಿನಲ್ಲಿ ಕುಲುಕಿಸಿಕೊಂಡು ತಂದಿದ್ದರು. ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಬಿರಡೆ ಠಪ್ಪೆಂದು ಹಾರಿತು. ಕೆಂಪು ನೊರೆ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಕೆಳಗೆ ನಿಂತಿದ್ದ ಹವಾಲ್ದಾರ ತಲೆ ಎತ್ತಿ ನೋಡಿ, ಮೂಗು ಅರಳಿಸಿದ.

ಹೆಂಗಸರ ಡಬ್ಬಿಯಿಂದ ಇಳಿದು ಹಿಂದೆ ಬರುತ್ತಿದ್ದ ಹೆಂಡತಿಗೆ ಎಲ್ಲ ಕೇಳಿಸಿತು. ಹಿರಿಯರು ಮೊದಲು ಇಂಗ್ಲಿಷಿನಲ್ಲಿ ಗದರಿದರು. ಅದು ಹವಾಲ್ದಾರನಿಗೆ ತಾಗಲಿಲ್ಲ. ಆಮೇಲೆ ಇದು ಹೆಂಡವಲ್ಲ, ಕರ್ತನ ಭೋಜನ ಎಂದು ತಮ್ಮ ಹಿಂದಿಯಲ್ಲಿ, "ಯೇ ದಾರೂ ನಹೀಂ, ಯೇ ಪ್ರಭು ಕಾ ಭೋಜನ್ ಹೈ," ಎಂದರು. ಹವಾಲ್ದಾರ ಪೆಟ್ಟಿಗೆಯ ಮುಚ್ಚಳ ತೆಗೆಸಿದ. ಕುದುರೆಗಳು ಸಾಲಾಗಿ ನಿಂತಿದ್ದವು.

"ಇತ್ನಾ ಗಿಲಾಸ್? ಪೀನೇವಾಲೇ ಕಿತ್ನೇ ಲೋಗ್ ಹೈ?" ಎಂದು ಕೇಳಿದ.

"ಪೂರೀ ಸಭಾ!" ಎಂದರು ಹಿರಿಯರು. ಕುಡಿಯುವವರು ಇಡೀ ಸಭೆ ಎಂದು ಸ್ವಂತ ಬಾಯಲ್ಲಿ ಒಪ್ಪಿಕೊಂಡ ಮೇಲೆ ಹವಾಲ್ದಾರನಿಗಾದರೂ ಇನ್ನೇನು ಬೇಕು? ಚಲಾ ಚೌಕೀಲಾ, ನಡಿ ಪೊಲೀಸ್ ಚೌಕಿಗೆ, ಎಂದು ತೋಳು ಹಿಡಿದು ನಡೆಸಿಕೊಂಡು ಹೋದ.

ಚೌಕಿಗೆ ಹೋಗಿ ಅವರನ್ನು ಬಿಡಿಸಿಕೊಂಡು ಬರುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅಯ್ಯನವರು ಗಂಡಸರ ಬೆಂಚುಗಳತ್ತ ನೋಡಿದರು. ಗಂಡಸರು ನೆಲ ನೋಡಿದರು. ಹೋದವರು ತಡಮಾಡಿ ಬರುತ್ತಾರೆ. ತಡಮಾಡಿದವರಿಗೆ ಕಡೆಗೆ ಸಿಗುತ್ತದೆ. ಗ್ಲಾಸುಗಳು ಚೌಕಿಯಲ್ಲಿ, ಆದ್ದರಿಂದ ಇವತ್ತು ಮತ್ತೆ ಒಂದೇ ಪಾತ್ರೆ. ಕಡೆಗೆ ಎಂದರೆ ನನ್ನ ಅವ್ವನ ನಂತರ. ಇಷ್ಟೂ ಗಣಿತ ಅವರ ಮುಖದ ಮೇಲೆ ಒಂದೊಂದೇ ಮೆಟ್ಟಿಲಾಗಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಪ್ಪ ಇದ್ದಿದ್ದರೆ ಹೋಗುತ್ತಿದ್ದರು, ಆದರೆ ಅವರಿಗೆ ಆ ಭಾನುವಾರ ಡ್ಯೂಟಿ ಇತ್ತು. "ಅವರಿಗಾಗಿ ಪ್ರಾರ್ಥನೆ ಮಾಡೂಣ್ರಿ," ಎಂದು ನಮ್ಮ ಕಡೆಯ ಒಬ್ಬರು ಹೇಳಿದರು. ಎಲ್ಲರಿಗೂ ಅದು ಬಹಳ ಒಳ್ಳೆಯ ವಿಚಾರವೆನಿಸಿತು.

ಪ್ರಾರ್ಥನೆ ಆಯಿತು. ದ್ರಾಕ್ಷಾರಸ ಮಾತ್ರ ಆಗಲಿಲ್ಲ. ಒಬ್ಬರು ಇರಾಣಿಯ ಅಂಗಡಿಯಿಂದ ಕೆಂಪು ಸೋಡಾ ತರೋಣ ಎಂದರು. ಇನ್ನೊಬ್ಬರು ಗುಲಾಬಿ ಶರಬತ್ತು ಎಂದರು. ಮುಂದಿನ ತಿಂಗಳಿಗೆ ಹಾಕಿಬಿಡೋಣ ಎಂದವರೂ ಇದ್ದರು. ಆಗ ಕಡೆಯ ಬೆಂಚಿನಿಂದ ಅವ್ವ ಎದ್ದು ನಿಂತಳು.

"ಒಣದ್ರಾಕ್ಷಿ ತರಸ್ರಿ, ಅಯ್ನೋರ. ಬಾಜೂಕ ಹೊಟೇಲ ಐತಿ. ನೆನಸದಿದ್ರೂ ನಡೀತೈತಿ, ಒಲಿ ಸಿಕ್ಕರ ಅರ್ಧಾ ತಾಸಿನ ಕೆಲಸ."

ಆ ಕೈಯ ರಸವೇ? ಬೇಡವೆನ್ನಲು ಬಾಯಿ ತೆರೆದವರೂ, ಬೇಡವೆಂದರೆ ಇನ್ನು ಬೇರೆ ದಾರಿಯಿಲ್ಲವೆಂದು ಮುಚ್ಚಿದರು. "ಕುದಿಸ್ತಾರಲ್ಲ... ಕುದಿಸಿದ್ರೆ ಎಲ್ಲ ಹೋಗ್ತದೆ," ಎಂದು ಯಾರೋ ಪಕ್ಕದವರಿಗೆ ಸಮಾಧಾನ ಹೇಳಿದರು. ಕೈ ನಡೆಯುತ್ತದೆ, ಬಾಯಿ ನಡೆಯುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ನಾನು ಏನೋ ಅನ್ನಲು ಹೊರಟಿದ್ದೆ. ಅವ್ವ ನನ್ನ ರಟ್ಟೆ ಚಿವುಟಿ, "ನಡೀ," ಎಂದಳು.

ಪಕ್ಕದ ಉಡುಪಿ ಹೊಟೇಲಿನ ಧಣಿಗಳಿಗೆ ಅಯ್ಯನವರು ತಾವು ಪಕ್ಕದ ಕ್ರೈಸ್ತ ಸಭೆಯವರೆಂದು ಹೇಳಿ ಒಲೆ ಕೇಳಿದರು. ಅವರು ಒಳ್ಳೆಯವರೇ. ಆದರೆ ಅಡಿಗೆಮನೆಯ ಹೊಸಿಲು ದಾಟಿಸಲಿಲ್ಲ. ಪಾತ್ರೆ ತೊಳೆಯುವ ಹಿತ್ತಲಲ್ಲಿ ಒಂದು ಒಲೆ ಇತ್ತು, ಅದನ್ನು ತೋರಿಸಿದರು. ಅವ್ವನ ಕಾಯಿಲೆ ಅವರಿಗೆ ಗೊತ್ತಿರಲಿಲ್ಲ. ಜಾತಿ ಗೊತ್ತಾದದ್ದೇ ಸಾಕಾಗಿತ್ತು. ಸಭೆಯಲ್ಲಿ ಕಾಯಿಲೆಗೆ ದೂರ, ಹೊರಗೆ ಜಾತಿಗೆ ದೂರ; ಅವ್ವ ಮಾತ್ರ ಇದ್ದ ಜಾಗದಲ್ಲಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತು ಒಲೆ ಊದಿದಳು.

ಧಣಿಗಳು ಬಾಗಿಲಿಗೆ ಬಂದು, "ಎಂತ ಅಮ್ಮ ಅದು, ಕಷಾಯವಾ?" ಎಂದು ಕೇಳಿದರು.

"ಹೌದ್ರಿ," ಎಂದಳು ಅವ್ವ, ಹಿಂಡುತ್ತಲೇ. "ನಮ್ಮ ಮಂದೀಗಿ ಬೇಕಾಗೇತಿ."

ಎಷ್ಟೋ ತಿಂಗಳುಗಳ ನಂತರ ಅವಳ ಕೈಗೆ ಆ ಬಣ್ಣ ಹತ್ತಿತ್ತು. ಅವಳು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಒಲೆಯ ಹೊಗೆ ಎಂದು ಅಯ್ಯನವರು ಕಣ್ಣು ಒರೆಸಿಕೊಂಡರು.

ಆರಾಧನೆ ಶುರುವಾಯಿತು. ಅಯ್ಯನವರು ಆ ದಿನ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗುವುದರ ಮೇಲೆ ಪ್ರಸಂಗ ಮಾಡಿದರು. ಎಲ್ಲರೂ ತಲೆದೂಗಿದರು. ತಲೆದೂಗುತ್ತಲೇ ಹೆಂಗಸರು ಬೆಂಚಿನಿಂದ ಬೆಂಚಿಗೆ ಮುಂದೆ ಜರುಗಿದರು. ಪ್ರಸಂಗ ಮುಗಿಯುವಷ್ಟರಲ್ಲಿ ಅವ್ವನ ಮತ್ತು ಅವರ ನಡುವೆ ಖಾಲಿ ಬೆಂಚುಗಳೇ ಉಳಿದವು. ಗಂಡಸರು ಮೇಜಿನ ಹತ್ತಿರ ಹೋಗಿ ಬಂದರು. ಅವ್ವ ಹಿಂಡಿದ ರಸವನ್ನು ಭಯಭಕ್ತಿಯಿಂದ ಕುಡಿದರು, ಇಬ್ಬರು ತುಟಿ ಚಪ್ಪರಿಸಿದ್ದು ನನಗೆ ಕೇಳಿಸಿತು. ಆಮೇಲೆ ಹೆಂಗಸರು ಎದ್ದರು.

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಹಿರಿಯರು! ಟೈ ಇಲ್ಲ, ತಲೆ ಕೆದರಿದೆ, ಎದೆಯ ಮೇಲೆ ಕೆಂಪು ಕಲೆ. ಸಾಹೇಬನೊಬ್ಬ ಬಂದು ಅವರ ಚೀಲದಲ್ಲಿದ್ದ ಸಂಗೀತ ಪುಸ್ತಕ ನೋಡಿ, ಬಾಟಲಿ ಮತ್ತು ಗ್ಲಾಸುಗಳನ್ನು ಇಟ್ಟುಕೊಂಡು, ಹೋಗು ಎಂದು ಬಿಟ್ಟನಂತೆ. ಬಿಡುವ ಮೊದಲು ಇಬ್ಬರು ಪೇದೆಗಳು ಅವರ ಬಾಯಿಗೆ ಮೂಗು ತಂದು ಮೂಸಿ ನೋಡಿದರಂತೆ. ಹಿಡಿದು ತಂದ ಕುಡುಕರ ಸಾಲಿನಲ್ಲಿ ನೆಲದ ಮೇಲೆ ಕೂರಿಸಿದ್ದರಂತೆ, ಆ ಕಡೆ ಈ ಕಡೆ ಒಂದು ಸಂಗೀತ ಪುಸ್ತಕದಷ್ಟು ಜಾಗವನ್ನೂ ಬಿಡದೆ. ಇದೆಲ್ಲ ನಮಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಗರ ಬಡಿದವರ ಹಾಗೆ ಬಂದು ಗಂಡಸರ ಕಡೆಯ ಬೆಂಚಿನಲ್ಲಿ ಕುಳಿತ ಒಬ್ಬ ಮನುಷ್ಯ ಮಾತ್ರ.

ಹೆಂಗಸರೆಲ್ಲ ಮುಗಿಸಿ ಬಂದರು. ನಾನೂ ಅವ್ವನೂ ಎದ್ದೆವು. ತಡಮಾಡಿದ ಗಂಡಸಿನ ಕ್ರಮದಂತೆ ಹಿರಿಯರೂ ಎದ್ದು ಬಂದು ಅವ್ವನ ಪಕ್ಕದಲ್ಲಿ ನಿಂತರು. ನಾನು, ಅವ್ವ, ಕಡೆಗೆ ಅವರು. ನಿಂತ ಮೇಲೆಯೇ ತಾವು ಯಾರ ಪಕ್ಕದಲ್ಲಿ ನಿಂತಿದ್ದೇವೆಂದು ಅವರಿಗೆ ತಿಳಿದದ್ದು. ಮುಖ ಹುಳ್ಳಗಾಯಿತು. ಕಣ್ಣು ಮುಚ್ಚಿ ಧ್ಯಾನಿಸಬೇಕಾದ ಹೊತ್ತು ಅದು. ಇಡೀ ಸಭೆ ಕಣ್ಣು ಬಿಟ್ಟು ಕತ್ತು ಚಾಚಿತ್ತು. ಅವರ ಹೆಂಡತಿಯಂತೂ ಬೆಂಚಿನಿಂದ ಅರ್ಧ ಎದ್ದಿದ್ದರು.

ನಾನು ಕುಡಿದೆ. ಅಯ್ಯನವರು ಅಂಚು ಒರೆಸಿ ಪಾತ್ರೆಯನ್ನು ಅವ್ವನ ಮುಂದೆ ಹಿಡಿದರು. ವರ್ಷದ ಮೇಲಿನಿಂದ ಅವಳು ಕಾದ ಗಳಿಗೆ. ಅವಳು ಪಾತ್ರೆ ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಅವರ ಮುಖ ನೋಡಿದಳು.

"ಇವರಿಗಿ ಮೊದಲ ಕೊಡ್ರಿ, ಅಯ್ನೋರ," ಎಂದಳು ಸಣ್ಣ ದನಿಯಲ್ಲಿ. "ನಾ ಆಮ್ಯಾಲೆ ತಗೋತೀನಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕು ನನ್ನ ಸೊತ್ತು, ಅವಳದಲ್ಲ. ಹೆದರಿದ ಮನುಷ್ಯನಿಗೆ ದಾರಿ ಬಿಟ್ಟುಕೊಟ್ಟಳು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಆದ ಮೇಲೂ ಇವಳೇ ಹಿಂದೆ ಸರಿಯಬೇಕೇ? ಪಾತ್ರೆಯನ್ನು ಕಸಿದು ಅವಳ ಬಾಯಿಗೆ ಹಿಡಿಯಬೇಕೆನಿಸಿತು.

ಅಯ್ಯನವರು ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ನಿಂತರು. ಹಿರಿಯರು ಪಾತ್ರೆಯ ಕಡೆ ಕೈ ಚಾಚಿದರು, ತೆಗೆದುಕೊಂಡೇ ಬಿಟ್ಟರು. ಪದ್ಧತಿಯಲ್ಲಿ ಅಯ್ಯನವರ ಹೊರತು ಬೇರೆಯವರು ಪಾತ್ರೆಯನ್ನು ಮುಟ್ಟುವ ಹಾಗಿಲ್ಲ. ಒಂದು ಕ್ಷಣ ಹಾಗೇ ಹಿಡಿದುಕೊಂಡರು. ಆಮೇಲೆ ಅದನ್ನು ಅವ್ವನ ಕಡೆಗೆ ನೀಡಿ, "ಬೇಡ ಅಕ್ಕ. ನೀವು ಕುಡೀರಿ," ಎಂದರು.

ಅಕ್ಕ! ಆ ಬಾಯಿಂದ ಅವ್ವನಿಗೆ ಆ ಮಾತು ಬಂದದ್ದು ಅದೇ ಮೊದಲು.

ಅವ್ವ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಕುಡಿದಳು. ಅವಸರ ಮಾಡಲಿಲ್ಲ. ಅವಳ ಕೈಯಿಂದ ಹಿರಿಯರು ತೆಗೆದುಕೊಂಡರು. ಅಯ್ಯನವರು ಬಿಳಿ ಬಟ್ಟೆ ಹಿಡಿದು ಮುಂದೆ ಬಂದರೂ ಒರೆಸಲು ಬಿಡಲಿಲ್ಲ, ತಿರುಗಿಸಲೂ ಇಲ್ಲ. ಕತ್ತು ಹಿಂದಕ್ಕೆ ಹಾಕಿ ಗಟಗಟನೆ ಕುಡಿದರು, ತಳ ಕಾಣುವವರೆಗೆ.

ಸಭೆಯಲ್ಲಿ ಯಾರೋ ಬೆಂಚಿನ ಮೇಲಿಂದ ಪುಸ್ತಕ ಕೆಡವಿದರು. ಕಡೆಯ ಸಂಗೀತವನ್ನು ಆ ದಿನ ಎರಡು ಕಡೆಯವರೂ ತಪ್ಪಿ ಒಟ್ಟಿಗೆ ಮುಗಿಸಿದರು.

ಇಲ್ಲಿಗೇ ನಿಲ್ಲಿಸಿದರೆ ಸಭೆಯಲ್ಲಿ ಎದ್ದು ದೇವರ ಕೃಪೆ ಹೇಳಿಕೊಳ್ಳುವ ಒಳ್ಳೆಯ ಸಾಕ್ಷಿಯ ಹಾಗೆ ಇರುತ್ತದೆ, ನನಗೆ ಗೊತ್ತು. ಆದರೆ ಗ್ರಾಂಟ್ ರೋಡಿನ ಪ್ಲಾಟ್‌ಫಾರ್ಮಿನಲ್ಲಿ ಗಂಡಹೆಂಡಿರು ನಮ್ಮ ಮುಂದೆಯೇ ನಿಂತಿದ್ದರು, ನಮ್ಮನ್ನು ನೋಡದೆ. ಹೆಂಡತಿ ಬೆನ್ನು ಬಿಡದೆ ಕೇಳುತ್ತಿದ್ದರು: "ನೀವೆಂತ ಅವರ ಎಂಜಲು ಕುಡಿದದ್ದು? ಎಂತಕ್ಕೆ ಕುಡಿದದ್ದು ಹೇಳಿ!"

"ಬಾಯಾರಿತ್ತು ಮಾರಾಯ್ತಿ!" ಎಂದು ಹಿರಿಯರು ರೇಗಿದರು. "ಚೌಕಿಯಲ್ಲಿ ಒಂದು ಹನಿ ನೀರು ಕೊಡ್ಲಿಲ್ಲ. ನಾಲಿಗೆ ಅಂಟಿ ಹೋಗಿತ್ತು. ಬಾಯಾರಿದವನಿಗೆ ಎಂತದು!"

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಗೆ ಬಂದು ಅಪ್ಪನ ಮುಂದೆ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದೆ. ಹವಾಲ್ದಾರನ ಮೂಗು, ಕುದುರೆಯ ಗ್ಲಾಸು, ಪೂರೀ ಸಭಾ, ಎಲ್ಲ. ಅಪ್ಪ ಹೊಟ್ಟೆ ಹಿಡಿದು ನಕ್ಕರು. ಕಡೆಗೆ ನಾನು ಹೇಳಿದೆ, "ಪ್ರೀತಿನೂ ಇಲ್ಲ, ಭಕ್ತಿನೂ ಇಲ್ಲಪ್ಪಾ. ನೀರಡಿಸಿತ್ತಂತ, ಕುಡದ್ರಂತ! ಅವ್ವ ನೋಡಿದ್ರ ಮೇಜಿನ ಮುಂದ ನಿಂತು ಕಣ್ಣೀರ ಹಾಕಿದ್ಳು."

ಅವ್ವ ಸ್ಟೋವಿನ ಮೇಲೆ ಚಹಕ್ಕೆ ಇಟ್ಟಿದ್ದಳು. ನನ್ನ ಮಾತಿಗೆ ಸಿಟ್ಟಾಗಲಿಲ್ಲ. ಎದ್ದು ಬಾಗಿಲ ಹಿಂದೆ ಹೋಗಿ, ಮೊಳೆಯಿಂದ ಲೋಟ ತೆಗೆದು, ಅದರ ದಾರ ಹಲ್ಲಿನಿಂದ ಕಡಿದು ಹಾಕಿದಳು.

"ನೀರಡಿಕಿಗೇ ಕುಡದಿರಲಿ ಬಿಡವಾ," ಎಂದಳು. "ನನ್ನ ಹಿಂದ ಕುಡದಾನ."

ಆ ಲೋಟಕ್ಕೆ ಚಹ ಬಗ್ಗಿಸಿ, ಮೊದಲ ಗುಟುಕು ತಾನು ಕುಡಿದು, ನನ್ನ ಕೈಗೆ ಕೊಟ್ಟಳು.